ಬೀಗ ಬಿದ್ದ ನಲ್ಲಿ

"ಏ, ಬಿಸಾಕೇ ಅದನ್ನ ಅತ್ಲಾಗೆ! ಸಾಹೇಬ್ರು ಬರೋ ಹೊತ್ತಿಗೆ ಓಣಿ ತುಂಬಾ ಚಡ್ಡಿ ಬನೀನು ನೇತಾಕಿದ್ದೀಯಲ್ಲ, ಮಾನಗೆಟ್ಟೋಳೇ!"

ನಾನು ಹಗ್ಗದ ಮೇಲೆ ಹರವುತ್ತಿದ್ದದ್ದು ಸಾಹೇಬರದೇ ಬನೀನು. ಹಾಗೆಂದು ಅವರ ಹಿಂಬಾಲಕನಿಗೆ ಹೇಳಿದೆ. ಅವನು ಬೈಕಿನಿಂದ ಇಳಿಯದೆ ಅದನ್ನೊಮ್ಮೆ ದಿಟ್ಟಿಸಿ, ದನಿ ತಗ್ಗಿಸಿದ.

"ಹಾಗಾದ್ರೆ ಮಡಚಿ ಒಳಗಿಡು."

"ಒದ್ದೆ ಬಟ್ಟೇನ ಮಡಚೋದಾ ಅಣ್ಣಾ?"

"ಬಾಯಿ ಜಾಸ್ತಿಯಾಯ್ತು ನಿಂದು. ಮುಖ ತೊಳ್ಕೊಂಡು, ಕೊಡ ತಗೊಂಡು ನಲ್ಲಿ ಹತ್ರ ಬಾ."

"ಮುಖ ತೊಳ್ಯೋಕೆ ನೀರು ನಿಮ್ಮಪ್ಪ ತಂದಿಟ್ಟಿದ್ದಾನೇನೋ, ಮುಂಡೇದೇ?" ಪಕ್ಕದ ಮನೆಯ ಇಸ್ತ್ರಿ ಅಜ್ಜಿ ಒಳಗಿನಿಂದಲೇ ಕೂಗಿದಳು.

ನಮ್ಮ ಓಣಿಯವರೆಲ್ಲ ಬಟ್ಟೆ ಒಗೆಯುವವರು. ಓಣಿಯ ನಲ್ಲಿಗೆ ನೀರು ಮಂಡಳಿಯವರು ಬೀಗ ಜಡಿದಾಗ ನನ್ನ ಮಗಳಿನ್ನೂ ಹೊಟ್ಟೆಯಲ್ಲಿದ್ದಳು. ಸಾಹೇಬರು ಆಗ ಮೊಣಕೈ ಸವೆದ ಕರಿಕೋಟಿನ ವಕೀಲರು. ಫೀಸು ಬೇಡ, ಮನೆಯ ಬಟ್ಟೆ ಒಗೆದುಕೊಟ್ಟರೆ ಸಾಕು ಎಂದು ನಮ್ಮ ಕೇಸು ಹಿಡಿದರು. ಕೋರ್ಟಿನಿಂದ 'ಯಥಾಸ್ಥಿತಿ'ಯ ಆದೇಶ ತಂದರು. ಗೆದ್ದೆವೆಂದು ಓಣಿಯೇ ಕುಣಿಯಿತು. ನನ್ನ ಗಂಡ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದ. ಇದ್ದದ್ದು ಇದ್ದ ಹಾಗೇ ಇರಲಿ ಎಂದು ಕೋರ್ಟು ಹೇಳಿದೆ, ಇದ್ದದ್ದು ಬೀಗ, ಎಂಬುದು ನಮ್ಮ ತಲೆಗೆ ಹೊಳೆಯುವಷ್ಟರಲ್ಲಿ ಪತ್ರಿಕೆಯಲ್ಲಿ ಅವರ ಪಟ ಬಂದಾಗಿತ್ತು: ಬಡವರ ನೀರಿಗಾಗಿ ಹೋರಾಡಿದ ವಕೀಲ!

ಆ ಹೆಗಲಿನಿಂದ ಅವರು ಆಮೇಲೆ ಕೆಳಗಿಳಿಯಲೇ ಇಲ್ಲ. ವಕೀಲರ ಸಂಘದ ಅಧ್ಯಕ್ಷರಾದರು. ಬಳಿಕ ಅದೇ ನೀರು ಮಂಡಳಿಯ ಅಧ್ಯಕ್ಷರಾದರು. ಈಗ ಕೇಸಿನಲ್ಲಿ ನಮ್ಮ ಕಡೆಗೆ ವಕೀಲನಾಗಿ ಅವರ ಅಳಿಯ, ಎದುರು ಕಡೆಗೆ ಅವರು. ಒಂದೇ ಮನೆಯಲ್ಲಿ ಕೂತು ಊಟ ಮಾಡುತ್ತ ಕೇಸು ನಡೆಸುತ್ತಾರೆ. ನಾವು ದೊಡ್ಡ ರಸ್ತೆಯಾಚೆಯಿಂದ ನೀರು ಹೊತ್ತು ತಂದು ಇಬ್ಬರ ಅಂಗಿಯನ್ನೂ ಒಗೆಯುತ್ತೇವೆ. ಸಾಹೇಬರು ಈ ಸಲ ಚುನಾವಣೆಗೂ ನಿಂತಿದ್ದಾರೆ.

ಕೊಡ ಹಿಡಿದು, ಮಗಳ ಕೈ ಹಿಡಿದು ಹೋದೆ. ಹಿಂಬಾಲಕ ಕಿವಿಯ ಬಳಿ ಬಾಗಿದ.

"ಮೈಕ್ ಕೊಡ್ತೀನಿ. 'ಸಾಹೇಬ್ರು ನಮಗೆ ನೀರು ಕೊಟ್ರು' ಅನ್ನು, ಅಷ್ಟೇ ಸಾಕು. ಬೇರೆ ಏನಾದ್ರೂ ಒದರಿದ್ಯೋ, ಸಾಹೇಬ್ರ ಮನೆ ಬಟ್ಟೆ ನಾಳೆಯಿಂದ ಮಷೀನ್ ಅಂಗಡಿಗೆ. ನಿನ್ನ ಒಲೆ ಹೆಂಗೆ ಉರಿಯುತ್ತೋ ನೋಡ್ಕೋ."

ಸಾಹೇಬರು ಕಾರಿನಿಂದಿಳಿದರು. ಬಂದವರೇ ಜೇಬಿನಿಂದ ಬೀಗದಕೈ ತೆಗೆದು ನಲ್ಲಿಯ ಬೀಗ ಬಿಚ್ಚಿದರು. ನಲ್ಲಿ ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ನೀರು ಬಂತು. ಚಪ್ಪಾಳೆ.

"ಒಂಚೂರು ನಗ್ತಾ ಸರ್... ಅಮ್ಮಾ, ನೀನೂ ನಗು!" ಎಂದ ಫೋಟೋದವನು.

ಕೊಡ ಅರ್ಧ ತುಂಬಿತ್ತು. ಫೋಟೋ ಮುಗಿಯಿತು. ಸಾಹೇಬರು ನಲ್ಲಿ ತಿರುಗಿಸಿ, ಬೀಗ ಒತ್ತಿ, ಬೀಗದಕೈಯನ್ನು ಮತ್ತೆ ಜೇಬಿಗಿಳಿಸಿದರು.

"ಅಯ್ಯೋ ಸಾಹೇಬ್ರೇ, ಕೊಡವಾದ್ರೂ ತುಂಬ್ಲಿ!" ಎಂದೆ.

"ಕೇಸು ಇನ್ನೂ ಕೋರ್ಟಲ್ಲಿದೆ ತಾಯಿ. ಕಾನೂನು ಓದಿದ ನಾನೇ ಕಾನೂನು ಮುರಿದ್ರೆ ಹ್ಯಾಗೆ? ಗೆಲ್ಸಿ ಕಳ್ಸಿ, ಎಲ್ಲಾ ಸರಿಮಾಡೋಣ."

ಹಿಂಬಾಲಕ ಮೈಕನ್ನು ನನ್ನ ಕೈಗೆ ತುರುಕಿದ. ಮಗಳು ನನ್ನ ಬೆರಳು ಜಗ್ಗಿದಳು. ಅವಳ ಕಣ್ಣು ಸಾಹೇಬರ ಜೇಬಿನ ಮೇಲೇ ಇತ್ತು.

"ಅಮ್ಮಾ, ಒಂದ್ ಮಾತು ಕೇಳ್ಲಾ?"

"ಸುಮ್ನಿರು ಮರಿ."

"ಬೇಗ ಒದರೇ!" ಹಿಂಬಾಲಕ ಹಲ್ಲು ಕಚ್ಚಿದ.

'ಸಾಹೇಬ್ರು' ಎಂದೆ. ಓಣಿಯ ಕೊನೆಯವರೆಗೂ ಕೇಳಿಸಿತು. ಮಗಳ ಮುಂಗುರುಳು ಸರಿಸಿ, ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿದೆ.

"ಕೇಳು ಕಂದಾ."

"ತಾತಾ, ಬೀಗದಕೈ ಇಷ್ಟು ದಿನಾನೂ ನಿಮ್ ಜೇಬಲ್ಲೇ ಇತ್ತಾ?"