ಕೈ ಮಾತು ಕೇಳಲಿಲ್ಲ

ತಂಗಿಯನ್ನು ನಡುವಿನ ಗುಂಪಿಗೆ ಹಾಕಿದ್ದಾರೆ ಎಂಬ ಸುದ್ದಿ ಫೋನಿನಲ್ಲಿ ಬಂದಾಗ ಅಕ್ಕ ಹಲ್ಲಿನ ಲ್ಯಾಬಿನಲ್ಲಿ ಯಾರದೋ ಮೇಲ್ದವಡೆಯ ಹಲ್ಲುಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದಳು. ಸೆಟ್ಟು ಕೈಜಾರಿ ಬಿದ್ದು ಎರಡು ಹೋಳಾಯಿತು.

ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ರೇಸು ನಡೆಸುವ ಅವರ ಕ್ಲಬ್ಬಿನಲ್ಲಿ ಮೂರು ಗುಂಪು: ಹೊಸಬರು, ನಡುವಿನವರು, ಪಳಗಿದವರು. ವಾರವಿಡೀ ಬೇರೆ ಕೆಲಸ ಮಾಡಿ ಭಾನುವಾರ ಮಣ್ಣು ಮುಕ್ಕಲು ಬರುವವರೇ ಎಲ್ಲರೂ. ಹೊಸಬರಲ್ಲಿ ಒಬ್ಬರೇ ಮೇಲಿಂದ ಮೇಲೆ ಗೆದ್ದರೆ ಉಳಿದವರು ಗೊಣಗುತ್ತಾರೆ, ಆಗ ಗೆದ್ದವರನ್ನು ಮೇಲಕ್ಕೆ ಕಳಿಸುತ್ತಾರೆ. ಅಕ್ಕ ಬಿದ್ದು, ಎದ್ದು, ಭುಜದ ಮೂಳೆ ಮುರಿದುಕೊಂಡು, ವರ್ಷಗಟ್ಟಲೆ ಬೆವರು ಹರಿಸಿ ನಡುವಿನ ಗುಂಪು ಸೇರಿದ್ದಳು. ಕಾರಿನ ಸೀಟ್ ಕವರ್ ಹೊಲಿಯುವ ತಂಗಿ ಅಕ್ಕನ ಹಳೇ ಬೈಕ್ ಹತ್ತಿದ್ದು ಹೋದ ಬೇಸಿಗೆಯಲ್ಲಿ, ತಮಾಷೆಗೆ. ಎಲ್ಲಿ ಬಗ್ಗಬೇಕು, ಎಲ್ಲಿ ಆ್ಯಕ್ಸಿಲರೇಟರ್ ತಿರುವಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಕೈಗೇ ಗೊತ್ತಿತ್ತು. ಅಕ್ಕನಿಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ತಂಗಿ ಒಂದು ಸಲವೂ ಬಿದ್ದಿರಲಿಲ್ಲ.

"ಸ್ವಲ್ಪ ದಿನ ಅವಳು ಹೊಸಬರ ಜೊತೆಗೇ ಇರ್ಲಿ ಬಿಡಿ," ಎಂದು ಅಕ್ಕ ಕ್ಲಬ್ಬಿನ ಯಜಮಾನನನ್ನು ಬೇಡಿಕೊಂಡಳು. ಎಲ್ಲರೂ ಅವನನ್ನು ದೊಡ್ಡಣ್ಣ ಎನ್ನುತ್ತಿದ್ದರು.

"ಯಾಕಮ್ಮಾ, ನಿನ್ನನ್ನ ಹಿಂದೆ ಹಾಕ್ತಾಳೆ ಅಂತಾನಾ?" ಎಂದು ನಕ್ಕ ದೊಡ್ಡಣ್ಣ.



ಭಾನುವಾರ ವ್ಯಾನಿನಲ್ಲಿ ತಂಗಿ ಹಾಡು ಗುನುಗುತ್ತ ಬೂಟಿನ ಬಕಲ್ ಹಾಕಿಕೊಂಡಳು. ಅಕ್ಕ ಆ ಬಕಲನ್ನು ಇನ್ನೊಮ್ಮೆ ಎಳೆದು ನೋಡಿದಳು.

"ಅವಳಿ ದಿಬ್ಬದ ಹತ್ರ ಹುಷಾರು ಕಣೇ. ಹೊಸಬರು ಅದನ್ನ ಹತ್ತಿ ಇಳೀತಾರೆ. ನಮ್ಮ ಗುಂಪಲ್ಲಿ ಎಲ್ಲರೂ ಒಂದರಿಂದ ಇನ್ನೊಂದಕ್ಕೆ ಹಾರ್ತಾರೆ. ಆಚೆ ಯಾರು ಬಿದ್ದಿದ್ರೂ ನಮಗೆ ಕಾಣಲ್ಲ. ಹಳದಿ ಬಾವುಟ ಬೀಸಿದ್ರೆ ಹಾರಬೇಡ. ಕೇಳಿಸ್ತಾ?"

"ಕೇಳಿಸ್ತು ಮಾರಾಯ್ತಿ. ಬಾವುಟ ಅಂದ್ರೆ ಏನು ಅಂತ ನನಗೂ ಗೊತ್ತು."

ಬೈಕುಗಳ ಸಾಲಿನ ಮುಂದಿದ್ದ ಗೇಟು ಕೆಳಗೆ ಬಿತ್ತು, ರೇಸು ಶುರುವಾಯಿತು. ಬೈಕುಗಳೆಲ್ಲ ಒಂದೇ ತಿರುವಿಗೆ ನುಗ್ಗಿದವು. ಯಾರದೋ ಹ್ಯಾಂಡಲ್ ಅಕ್ಕನ ಮೊಣಕೈಗೆ ಬಡಿಯಿತು, ಕನ್ನಡಕದ ಮೇಲೆ ಮಣ್ಣು ರಾಚಿತು. ಅದನ್ನು ಒರೆಸಿ ನೋಡಿದರೆ ತಂಗಿ ಆಗಲೇ ಮುಂದಿನವರ ಜೊತೆಗಿದ್ದಳು. ಮೈಯನ್ನು ಹಗುರವಾಗಿ ಬಿಟ್ಟುಕೊಂಡು, ಅಂಗಡಿಗೆ ಹೊರಟವಳ ಹಾಗೆ ಓಡಿಸುತ್ತಿದ್ದಳು.

ಎರಡನೇ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಶಾಲೆಯ ಟೀಚರ್ ಒಬ್ಬಳು. ಅವಳು ಅವಳಿ ದಿಬ್ಬ ಹಾರಿ ಮರೆಯಾದಳು. ಮರುಕ್ಷಣ ಬದಿಯಲ್ಲಿ ಹಳದಿ ಬಾವುಟ ಎದ್ದಿತು. ಬೀಸುತ್ತಿದ್ದವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ತಂಗಿ ದಿಬ್ಬದ ಬುಡದಲ್ಲಿದ್ದಳು. ಅವಳ ಬೈಕಿನ ಸದ್ದು ಇಳಿಯಲಿಲ್ಲ, ಏರಿತು.

"ಬೇಡ!" ಎಂದು ಅಕ್ಕ ಹೆಲ್ಮೆಟ್ಟಿನೊಳಗೇ ಕಿರುಚಿದಳು. ಅದು ಅವಳ ಕಿವಿಗೆ ಮಾತ್ರ ಕೇಳಿಸಿತು.

ತಂಗಿ ಹಾರಿದಳು. ಗಾಳಿಯಲ್ಲೇ ಬೈಕನ್ನು ಒಂದು ಕಡೆಗೆ ತಿರುಚಿದ್ದು ಅಕ್ಕನಿಗೆ ಕಂಡಿತು. ಆಮೇಲೆ ಏನೂ ಕಾಣಲಿಲ್ಲ.

ಅಕ್ಕ ಬ್ರೇಕ್ ಹಿಡಿದು ಮೊದಲ ದಿಬ್ಬ ಹತ್ತಿ ಇಳಿದಳು. ಎರಡನೆಯದನ್ನು ಹತ್ತುವುದಕ್ಕೆ ಧೈರ್ಯವೇ ಬರಲಿಲ್ಲ. ಹತ್ತಿ ನೋಡುವ ತನಕ ಆಚೆ ಇಬ್ಬರೂ ಬದುಕಿಯೇ ಇದ್ದಾರೆ ಅಂದುಕೊಳ್ಳಬಹುದಿತ್ತು. ಆದರೂ ಹತ್ತಿದಳು.

ಕೆಳಗೆ ಟೀಚರ್ ಅಂಗಾತ ಬಿದ್ದು ಕೈ ಹಿಡಿದುಕೊಂಡು ನರಳುತ್ತಿದ್ದಳು. ಅವಳ ತಲೆಯಿಂದ ಒಂದು ಗೇಣು ಆಚೆ ತಂಗಿಯ ಟೈರಿನ ಗುರುತು ಮಣ್ಣಿನಲ್ಲಿ ಆಳವಾಗಿ ಕೊರೆದುಕೊಂಡಿತ್ತು. ತಂಗಿ ಬೈಕನ್ನು ಬೇಲಿಯ ಬಳಿ ಎಸೆದು, ಓಡಿಬಂದು, ಟೀಚರ್‌ಗೆ ಅಡ್ಡ ನಿಂತು ಎರಡೂ ಕೈ ಬೀಸುತ್ತಿದ್ದಳು. ಅಕ್ಕ ತನ್ನ ಬೈಕನ್ನೂ ಅಡ್ಡ ನಿಲ್ಲಿಸಿದಳು.

ಟೀಚರ್ ಕೈ ಮುರಿದಿತ್ತು, ಅಷ್ಟೇ. ಬೇಲಿಯಾಚೆ ನಿಂತು ನೋಡಿದವರು ತಂಗಿಯ ಬೆನ್ನು ತಟ್ಟಿದರು. "ಬೇರೆ ಯಾರಾಗಿದ್ರೂ ಅವಳ ಮೇಲೇ ಇಳೀತಿದ್ರು. ಎಂಥಾ ಕೈ ನಿಂದು!"

ದೊಡ್ಡಣ್ಣ ಮಾತ್ರ, ಬಾವುಟ ಬೀಸಿದರೂ ಹಾರಿದ್ದಕ್ಕೆ ಅವಳನ್ನು ರೇಸಿನಿಂದ ಹೊರಗಿಟ್ಟ. ತಂಗಿ ವಾದಿಸಲಿಲ್ಲ. ವ್ಯಾನಿನ ಬಾಗಿಲು ಹಾಕಿಕೊಂಡ ಮೇಲೆ ಬಾಯಿಬಿಟ್ಟಳು.

"ಬಾವುಟ ಕಾಣ್ತು ಅಕ್ಕಾ. ಚೆನ್ನಾಗೇ ಕಾಣ್ತು. ನಿಲ್ಲಿಸ್ಬೇಕು ಅಂತಾನೂ ಅನ್ನಿಸ್ತು. ಕೈ ಕೇಳಲಿಲ್ಲ."

ಬೈಯಬೇಕೆಂದಿದ್ದ ಅಕ್ಕ ಅವಳ ಕೈ ಹಿಡಿದುಕೊಂಡಳು. ಅದು ಮಂಜಿನಂತೆ ತಣ್ಣಗಿತ್ತು.

"ನನ್ನನ್ನ ಮತ್ತೆ ಹೊಸಬರ ಗುಂಪಿಗೇ ಹಾಕ್ಸು," ಎಂದಳು ತಂಗಿ.

ಇಬ್ಬರೂ ಹೋಗಿ ಕೇಳಿದರೆ ದೊಡ್ಡಣ್ಣ ಒಪ್ಪಲಿಲ್ಲ. "ಬಾವುಟ ನೋಡಿ ನಿಲ್ಲೋಕಾಗದವಳನ್ನ ಅವರ ಮಧ್ಯೆ ಬಿಡ್ಲಾ? ಅವರಿಗೆ ಪಕ್ಕಕ್ಕೆ ಸರಿಯೋಕೂ ಬರಲ್ಲ. ಮೊದಲು ನಿಲ್ಲೋದು ಕಲಿ."

ಮುಂದಿನ ರೇಸುಗಳಿಗೆ ತಂಗಿ ಹೋಗಲಿಲ್ಲ. ಟ್ರ್ಯಾಕ್ ಖಾಲಿಯಿದ್ದ ಸಂಜೆಗಳಲ್ಲಿ ಅಕ್ಕ ಅವಳಿ ದಿಬ್ಬದ ಬದಿಯಲ್ಲಿ ಬಾವುಟ ಮುಚ್ಚಿಟ್ಟುಕೊಂಡು ನಿಲ್ಲುತ್ತಿದ್ದಳು. ಮನಸ್ಸಿಗೆ ಬಂದಾಗ ಎತ್ತುತ್ತಿದ್ದಳು. ಮೊದಮೊದಲು ತಂಗಿ ಹಾರಿಯೇಬಿಡುತ್ತಿದ್ದಳು. ತಂಗಿ ತಲೆ ತಗ್ಗಿಸಿಕೊಂಡು ಸುತ್ತಿ ಬಂದು ಮತ್ತೆ ಶುರುಮಾಡುತ್ತಿದ್ದಳು.

ಒಂದು ಸಂಜೆ ಬಾವುಟ ಎದ್ದಾಗ ಬೈಕಿನ ಸದ್ದು ತಟ್ಟನೆ ಇಳಿಯಿತು. ಬೈಕು ದಿಬ್ಬದ ಮೇಲೆ ವಾಲಿ, ತಂಗಿಯನ್ನು ಕೆಳಗೆ ಕೆಡವಿತು. ಮೊದಲ ಸಲ ಬಿದ್ದಿದ್ದಳು. ಅಕ್ಕ ಎದ್ದೂಬಿದ್ದೂ ಓಡಿದಳು. ತಂಗಿ ಹೆಲ್ಮೆಟ್ ಕಿತ್ತೆಸೆದಳು, ಮುಖ ಬಿಳಚಿಕೊಂಡಿತ್ತು.

"ಹೆದರಿಕೆ ಆಯ್ತು ಅಕ್ಕಾ."

"ಆಗ್ಲಿ," ಎಂದಳು ಅಕ್ಕ, ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಕೂರುತ್ತ. "ಎಲ್ಲಿ ನೋವಾಯ್ತು ತೋರ್ಸು."