ಬೂದಿಗೊಂದು ಜಾಗ

ಹೊಲಿಗೆ ಯಂತ್ರದ ಮುಂದೆ ಕೂತಿದ್ದರೂ ಅವಳ ಕಿವಿಯೆಲ್ಲ ಮೂಲೆಯ ಪಂಜರಗಳ ಕಡೆಗೇ ಇತ್ತು. ಶಾಲೆಯ ಸಮವಸ್ತ್ರದ ಕಾಲರನ್ನು ತಿರುಗುಮುರುಗಾಗಿ ಹೊಲಿದು ಬಿಚ್ಚಿದ್ದು ಬೆಳಗಿನಿಂದ ಎರಡನೇ ಸಲ.

ಅವಳು ಸಾಕಿದ್ದು ಮೂರು ಹೆಣ್ಣಿಲಿಗಳನ್ನು. ನಾಲ್ಕನೆಯದನ್ನು ಹತ್ತು ದಿನದ ಹಿಂದೆ ತಂದವರು ಅಕ್ಕನ ಗಂಡ. ಬಸ್ ಓಡಿಸುವವರು, ಎಂಥ ಗದ್ದಲದ ರಸ್ತೆಯಲ್ಲೂ ತಲೆ ಕೆಡಿಸಿಕೊಳ್ಳದ ಆಸಾಮಿ. ಅವರ ಜೋಡಿ ಇಲಿಗಳಲ್ಲಿ ಒಂದು ಸತ್ತ ಮೇಲೆ ಉಳಿದ ಬೂದುಬಣ್ಣದ ಹೆಣ್ಣಿಲಿ, ಬೂದಿ ಎಂದೇ ಅದರ ಹೆಸರು, ತಿನ್ನುವುದು ಬಿಟ್ಟು ಮೂಲೆ ಹಿಡಿದಿತ್ತು.

"ಒಂಟಿ ಇಲಿ ಬಾಳಲ್ಲ. ಇನ್ನೊಂದು ತಂದ್ರೆ ನಿಮ್ಮಕ್ಕ ನನ್ನನ್ನೇ ಹೊರಗೆ ಹಾಕ್ತಾಳೆ. ನಿನ್ನ ಗುಂಪಿಗೇ ಸೇರಿಸ್ಕೊ," ಎಂದಿದ್ದರು.

ಅಂದಿನಿಂದ ಎರಡು ಪಂಜರಗಳನ್ನು ಅಕ್ಕಪಕ್ಕ ಇಟ್ಟು, ಹಾಸಿದ ಬಟ್ಟೆಗಳನ್ನು ಅದಲುಬದಲು ಮಾಡಿ, ಒಂದರ ವಾಸನೆ ಇನ್ನೊಂದಕ್ಕೆ ರೂಢಿ ಮಾಡಿಸಿದ್ದಳು. ಇವತ್ತು ಮುಖಾಮುಖಿ. ಭಾವ ಒಂದು ಗಂಟೆ ಮೊದಲೇ ಬಂದು, ಕೂರಲಾರದೆ ನಿಲ್ಲಲಾರದೆ, ಬೀಗದ ಕೈ ಗೊಂಚಲು ಆಡಿಸುತ್ತಿದ್ದರು.

"ಭಾವ, ಒಂದ್ ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ಇಲಿಗಳೂ ಗಾಬರಿ ಬೀಳ್ತವೆ."

ಯಾರ ವಾಸನೆಯೂ ಉಳಿಯದಂತೆ ಬಚ್ಚಲುಮನೆ ತೊಳೆದು ಒರೆಸಿದ್ದಳು. ದಪ್ಪ ಕೈಗವಸು ತೊಟ್ಟು ಮೊದಲು ಬೂದಿಯನ್ನು ಬಿಟ್ಟಳು, ಆಮೇಲೆ ತನ್ನ ಮೂವರನ್ನು. ಕಿರಿಯವೆರಡೂ ಮೂಸಿ ಸುಮ್ಮನಾದವು. ಹಿರಿಯಳಾದ ಯಜಮಾನಿ ಮಾತ್ರ ಮೈಕೂದಲು ನಿಮಿರಿಸಿ, ಅಡ್ಡಡ್ಡವಾಗಿ ನುಗ್ಗಿ, ಬೂದಿಯನ್ನು ಅಂಗಾತ ಕೆಡವಿತು. ಬೂದಿ ಕಿರ್ರೆಂದಿತು.

"ಕೊಲ್ತಿದೆ ಕಣೇ ಅದು," ಎನ್ನುತ್ತ ಭಾವ ಬರಿಗೈ ಹಾಕಿಯೇಬಿಟ್ಟರು.

"ಕೈ ತೆಗೀರಿ ಭಾವ."

ಅಷ್ಟರಲ್ಲಿ ಬೆರಳಿಂದ ರಕ್ತ ಇಳಿಯುತ್ತಿತ್ತು. ಕಚ್ಚಿದ್ದು ಯಜಮಾನಿಯಲ್ಲ, ಬೂದಿ.

"ನನ್ನನ್ನೇ ಕಚ್ತಲ್ಲ," ಎಂದರು ಅವರು, ಬೆರಳನ್ನು ನೋಡದೆ ಇಲಿಯನ್ನೇ ನೋಡುತ್ತ.

"ಹೆದರಿದಾಗ ಯಾರ ಕೈ ಅಂತ ಅದಕ್ಕೇನ್ ಗೊತ್ತು? ಹೋಗಿ, ಸೋಪು ಹಾಕಿ ಚೆನ್ನಾಗಿ ತೊಳ್ಕೊಂಡು ಡಾಕ್ಟರಿಗೆ ತೋರಿಸಿ."

ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಯಜಮಾನಿ ಮತ್ತೆ ಬೂದಿಯ ಮೇಲೇರಿತ್ತು. ಎತ್ತಿಕೊಂಡುಬಿಡೋಣ ಎಂದು ಅವಳ ಕೈಯೂ ತುಡಿಯಿತು. ಕೆಡವುವುದು ತಾನೇ ದೊಡ್ಡವಳೆಂದು ತೋರಿಸಲಿಕ್ಕೆ, ಗಾಯವಾದರೆ ಮಾತ್ರ ಬಿಡಿಸಬೇಕು ಎಂಬುದು ಅವಳಿಗೆ ಗೊತ್ತಿತ್ತು. ಕೈಗವಸಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾದಳು. ಕೊನೆಗೆ ಯಜಮಾನಿ ಹಿಡಿತ ಸಡಿಲಿಸಿ ಬೂದಿಯ ಕತ್ತನ್ನು ನೆಕ್ಕತೊಡಗಿತು. ಬೂದಿ ಅಲ್ಲಾಡದೆ ಬಿದ್ದುಕೊಂಡಿತ್ತು.

ಸಂಜೆಗೆ ನಾಲ್ಕನ್ನೂ ತೊಳೆದಿಟ್ಟ ಒಂದೇ ಪಂಜರಕ್ಕೆ ಬಿಟ್ಟಳು. ಮುಂದಿನ ಮೂರು ದಿನವೂ ಹೀಗೇ ಅಟ್ಟಾಡಿಸುವುದು, ಕಿರುಚುವುದು, ಅವಳು ಹೊಲಿಗೆ ಬಿಟ್ಟು ಓಡುವುದು. ನಾಲ್ಕನೆಯ ಬೆಳಿಗ್ಗೆ ನೋಡಿದರೆ, ಪಂಜರದ ಬಟ್ಟೆಯ ಜೋಲಿಯಿಂದ ನಾಲ್ಕು ಬಾಲ ಇಳಿಬಿದ್ದಿದ್ದವು. ಕೂಡಲೇ ಭಾವನಿಗೆ ಫೋನು ಮಾಡಿದಳು.

"ತಿಂದ್ಲಾ?"

"ತಿಂದ್ಲು. ಯಜಮಾನಿ ಬಾಯಿಂದಾನೇ ಕಿತ್ಕೊಂಡು ತಿಂದ್ಲು."

ಆ ಕಡೆ ಬಸ್ಸಿನ ಎಂಜಿನ್ ಗುರುಗುಟ್ಟುತ್ತಿತ್ತು. "ಸರಿ, ನಂಗೆ ಹೊರಡೋ ಹೊತ್ತಾಯ್ತು," ಎಂದರು ಭಾವ. ಫೋನು ಮಾತ್ರ ಇಡಲಿಲ್ಲ. "ಈಗೇನ್ ಮಾಡ್ತಿದಾಳೆ, ಹೇಳು."