ಗಾಜಿನ ಅಂಚು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಠಮಾರಿ ಎಂದು. ವಿಭಾಗದ ಮೇಷ್ಟ್ರು ಸಿಟ್ಟಿನಲ್ಲಿ ಇಟ್ಟ ಹೆಸರು. ಅವಳಿಗೇನೂ ಬೇಸರವಿರಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಕರಗಿಸಿದ ಪಾಲಿಮರಿಗೆ ಔಷಧ ಬೆರೆಸಿ, ಸಣ್ಣ ತೂತುಗಳ ಪೊರೆಯ ಮೂಲಕ ನೀರಿಗೆ ಮೆಲ್ಲಗೆ ತಳ್ಳಬೇಕು. ಹನಿಗಳು ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ಪುಟ್ಟ ಗುಳಿಗೆಗಳಾಗುತ್ತವೆ. ಎಲ್ಲವೂ ಒಂದೇ ಗಾತ್ರವಿದ್ದರೆ ಔಷಧ ದಿನವಿಡೀ ಒಂದೇ ಸಮ ಇಳಿಯುತ್ತದೆ. ಅವಸರಪಟ್ಟು ಒತ್ತಡ ಏರಿಸಿದಿರೋ, ದಪ್ಪದ್ದು ಸಣ್ಣದ್ದು ಎಲ್ಲಾ ಕಲಸುಮೇಲೋಗರ.

ಒಂದೇ ಸಮ ಎಂದರೇನೆಂದು ಅವಳಿಗೆ ಮನೆಯಲ್ಲೇ ಗೊತ್ತಾಗಿತ್ತು. ದರ್ಜಿಯಾಗಿದ್ದ ಅಪ್ಪನಿಗೆ ಕೈನಡುಕದ ರೋಗ. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಸೂಜಿಗೆ ದಾರ ಪೋಣಿಸುತ್ತಿದ್ದರು. ಆಮೇಲೆ ಸೂಜಿ ಒಂದು ಕಡೆ, ದಾರ ಒಂದು ಕಡೆ.

ಅವತ್ತು ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಮೇಷ್ಟ್ರು ಒತ್ತಡದ ತಿರುಪು ತಿರುವಿಬಿಟ್ಟಿದ್ದರು. ಸಂಜೆ ಔಷಧ ಕಂಪನಿಯವರು ಬರುವವರಿದ್ದರು, ಅಷ್ಟರೊಳಗೆ ಬಾಟಲಿ ತುಂಬಬೇಕಿತ್ತಲ್ಲ! ಅವಳು ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ನಡುವೆ ಎಲ್ಲ ಅಚ್ಚುಕಟ್ಟು. ದಪ್ಪನೆಯವು ಅಂಚಿಗೆ ಸರಿದು ಗುಂಪುಗೂಡಿದ್ದವು.

“ಅವರಿಗೆ ನಡುಭಾಗ ತೋರಿಸಮ್ಮ, ಸಾಕು. ಎಲ್ಲರೂ ಹಾಗೇ ಮಾಡೋದು,” ಎಂದರು ಮೇಷ್ಟ್ರು.

“ಇದು ಕೆಟ್ಟಿದೆ ಸರ್. ಚೆಲ್ಲಿ ಹೊಸದು ಮಾಡ್ಬೇಕು.”

“ಈ ತಿಂಗಳಿಗೆ ನಿನ್ನ ಕೆಲಸದ ಅವಧಿ ಮುಗಿಯುತ್ತೆ. ಮುಂದುವರಿಸೋದು ಬಿಡೋದು ನನ್ನ ಕೈಲಿದೆ, ನೆನಪಿರಲಿ. ಇದೇನು ನಿಮ್ಮಪ್ಪನ ಮೈಗೆ ಹೋಗೋದಾ?”

“ಯಾರದೋ ಅಪ್ಪನ ಮೈಗೆ ಹೋಗುತ್ತಲ್ಲ ಸರ್.”

ಅವಳ ಮೈ ಉರಿಯುತ್ತಿತ್ತು. ಹೆದರಿಕೆಯೂ ಇತ್ತು, ಸುಳ್ಳೇಕೆ? ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲೇ.

ಸಂಜೆ ಕಂಪನಿಯಿಂದ ಬಂದ ಹೆಂಗಸು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿ, “ಬಹಳ ಚೆನ್ನಾಗಿದೆ,” ಎಂದರು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಹಠಮಾರಿ ಕೈ ಚಾಚಿ, ಅಂಚು ಕಾಣುವಂತೆ ಗಾಜನ್ನು ಸರಿಸಿದಳು.

“ಈಗ ನೋಡಿ ಮೇಡಂ.”

ಆಕೆ ಬಹಳ ಹೊತ್ತು ನೋಡಿದರು. “ಇದನ್ನ ನಾವು ತಗೊಳ್ಳೋಕಾಗಲ್ಲ.”

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. “ಇವಳು ಇನ್ಮೇಲೆ ಇಲ್ಲಿರಲ್ಲ, ಬಿಡಿ.”

“ಹಾಗಾದ್ರೆ ಸರಿಯಾಗಿರೋದನ್ನ ಯಾರು ಮಾಡಿಕೊಡ್ತಾರೆ?”

ಹಠಮಾರಿ ಬಾಟಲಿಯನ್ನೆತ್ತಿ ಪೂರ್ತಿ ತ್ಯಾಜ್ಯದ ಕ್ಯಾನಿಗೆ ಸುರಿದಳು. ತಿರುಪನ್ನು ಹಿಂದಕ್ಕೆ ತಿರುವಿ, ಅದರ ಮೇಲೆಯೇ ಕೈಯಿಟ್ಟು ನಿಂತಳು.

“ನಾನೇ ಮಾಡ್ತೀನಿ. ಎರಡು ವಾರ ಬೇಕು,” ಎಂದಳು. ಆಮೇಲೆ ಮೇಷ್ಟ್ರನ್ನೇ ನೋಡುತ್ತ ಹೇಳಿದಳು: “ಅಲ್ಲೀವರೆಗೆ ಇದಕ್ಕೆ ಬೇರೆ ಯಾರೂ ಕೈ ಹಾಕಕೂಡದು.”